ಸಣ್ಣ ಕಮಾಂಡ್‌ಗಳ ಕೋಡ್: ಮೊದಲು ಜಾಗ ಬದಲಿಸಿ, ತಿದ್ದುವುದು ಆಮೇಲೆ

ಹತ್ತಿಪ್ಪತ್ತು ಸಣ್ಣ ಕಮಾಂಡ್‌ಗಳಿರುವ ರೆಪೊ (ಕೋಡ್ ಸಂಗ್ರಹ) ಅಚ್ಚುಕಟ್ಟು ಮಾಡಲು ಕೂತವರು ಸಾಮಾನ್ಯವಾಗಿ ಹೆಲ್ಪ್ ಪಠ್ಯ ಒಂದು ಕಡೆ, ಆಪ್ಷನ್ ಟೇಬಲ್ ಇನ್ನೊಂದು ಕಡೆ, ಕೋಡ್ ಮತ್ತೊಂದು ಕಡೆ ಅಂತ ಪಾಲು ಹಾಕುತ್ತಾರೆ. ನೋಡೋಕೆ ಚೆಂದ. ಆದರೆ ಒಂದು ಆಪ್ಷನ್ ಸೇರಿಸಲು ಮೂರು ಫೈಲ್ ತೆರೆಯಬೇಕು. ಒಂದನ್ನು ಮರೆತರೆ ಹೆಲ್ಪ್ ಹೇಳೋದೇ ಬೇರೆ, ಪ್ರೋಗ್ರಾಂ ಮಾಡೋದೇ ಬೇರೆ. ಒಂದು ಕಮಾಂಡಿನದ್ದೆಲ್ಲ ಒಂದೇ ಫೈಲಿನಲ್ಲಿರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಲವು ಯೂನಿಕ್ಸ್ ಕಮಾಂಡ್‌ಗಳನ್ನು ಒಂದೇ ಪ್ರೋಗ್ರಾಂನಲ್ಲಿ ಕಟ್ಟಿಕೊಡುವ ಬ್ಯುಸಿಬಾಕ್ಸ್ ನೋಡಿ: ಕಾನ್ಫಿಗ್ ಆಯ್ಕೆ, ಬಿಲ್ಡ್ ಸಾಲು, ಹೆಲ್ಪ್ ಎಲ್ಲವೂ ಆಯಾ ಸಿ ಫೈಲಿನ ಕಾಮೆಂಟ್‌ಗಳಲ್ಲೇ ಇವೆ, ಬಿಲ್ಡ್ ಹೊತ್ತಿಗೆ ಸ್ಕ್ರಿಪ್ಟ್ ಅವನ್ನು ಹೆಕ್ಕಿಕೊಳ್ಳುತ್ತದೆ. 2015ರ ಆಂಡ್ರಾಯ್ಡ್ 6ರಿಂದ ಫೋನುಗಳಲ್ಲಿರುವ, ಅಂಥದ್ದೇ ಆದ ಟಾಯ್‌ಬಾಕ್ಸ್‌ನದೂ ಇದೇ ಕ್ರಮ.

ಫೈಲ್ ಸರಿಸುವ ಕಮಿಟ್‌ನಲ್ಲಿ ಒಂದಕ್ಷರವನ್ನೂ ತಿದ್ದಬೇಡಿ, ಇನ್‌ಕ್ಲೂಡ್ ದಾರಿ ಮತ್ತು ಮೇಕ್‌ಫೈಲ್ ಬಿಟ್ಟು. ಕೋಡಿನ ಇತಿಹಾಸ ಕಾಯುವ ಗಿಟ್, ಫೈಲಿನ ಹೆಸರು ಬದಲಾದದ್ದನ್ನು ಎಲ್ಲೂ ಬರೆದಿಡುವುದಿಲ್ಲ, ಹೋಲಿಕೆ ನೋಡಿ ಊಹಿಸುತ್ತದೆ. ಹೋಲಿಕೆ 50%ಗಿಂತ ಕೆಳಗಿಳಿದರೆ ಹಳೆಯ ಫೈಲ್ ಅಳಿಸಿ ಹೊಸದು ಹುಟ್ಟಿದಂತೆ ಕಾಣುತ್ತದೆ, ಯಾವ ಸಾಲು ಯಾರು ಬರೆದದ್ದೆಂದು ತೋರಿಸುವ ಬ್ಲೇಮ್‌ನಲ್ಲಿ ಪ್ರತಿ ಸಾಲಿಗೂ ಸರಿಸಿದವರ ಹೆಸರೇ ಬರುತ್ತದೆ.

ಎಲ್ಲವನ್ನೂ ಒಂದೇ ಬೈನರಿಗೆ ಸೇರಿಸುವಾಗ ತೊಂದರೆ ಕೊಡೋದು ಗ್ಲೋಬಲ್ ವೇರಿಯಬಲ್‌ಗಳು. ಎರಡು ಕಮಾಂಡ್‌ಗಳಲ್ಲೂ ‘ಇಂಟ್ ವರ್ಬೋಸ್’ ಅಂತಿದ್ದರೆ ಹಳೆಯ ಜಿಸಿಸಿ ಕಂಪೈಲರ್ ಎರಡನ್ನೂ ಸದ್ದಿಲ್ಲದೆ ಒಂದೇ ಮಾಡುತ್ತಿತ್ತು. 2020ರ ಜಿಸಿಸಿ 10ರಿಂದ ‘ಮಲ್ಟಿಪಲ್ ಡೆಫಿನಿಷನ್’ ಎಂದು ಲಿಂಕ್ ನಿಲ್ಲುತ್ತದೆ, ನಿಲ್ಲುವುದೇ ಒಳ್ಳೆಯದು. ಹಳೆಯ ನಡವಳಿಕೆಯ ಫ್ಲಾಗ್ ಹಾಕಿ ಬಾಯಿ ಮುಚ್ಚಿಸಬೇಡಿ. ಡಿಕ್ಲರೇಷನ್ ಮುಂದೆ ‘ಸ್ಟ್ಯಾಟಿಕ್’ ಸೇರಿಸಿ, ಆಗ ಅದು ಆ ಫೈಲಿಗಷ್ಟೇ ಸೀಮಿತ.

ಕಾಮನ್ ಲೈಬ್ರರಿಗೆ ಏನು ಹೋಗಬೇಕು? ಮೂರನೇ ಕಮಾಂಡ್ ಕೇಳಿದಾಗ ಹೋಗಲಿ, ಅಲ್ಲಿಯವರೆಗೆ ನಕಲೇ ಇರಲಿ. ಎಲ್ಲವನ್ನೂ ಒಂದೇ ‘ಯುಟಿಲ್’ ಫೈಲಿಗೆ ತುಂಬಬೇಡಿ. ಆರ್ಕೈವ್‌ನಿಂದ (ಕಂಪೈಲಾದ ಆಬ್ಜೆಕ್ಟ್ ಫೈಲ್‌ಗಳ ಕಟ್ಟಿನಿಂದ) ಲಿಂಕರ್ ಎತ್ತಿಕೊಳ್ಳುವುದು ಫಂಕ್ಷನ್ ಅಲ್ಲ, ಇಡೀ ಆಬ್ಜೆಕ್ಟ್ ಫೈಲ್. ಸ್ಟ್ರಿಂಗ್ ಟ್ರಿಮ್ ಮಾಡುವ ಫಂಕ್ಷನ್ ಕೇಳಿದ ಕಮಾಂಡ್‌ಗೆ ನೆಟ್‌ವರ್ಕ್ ಕೋಡೂ ಅಂಟಿಕೊಂಡು ಬರುತ್ತದೆ.

ಎರರ್ ಫಂಕ್ಷನ್ ಒಗ್ಗೂಡಿಸುವಾಗಲಂತೂ ಬಹಳ ಎಚ್ಚರ ಬೇಕು. ಪದ ಹುಡುಕುವ ಗ್ರೆಪ್ ಮುಗಿಯುವಾಗ ಕೊಡುವ ಸಂಖ್ಯೆ (ಎಕ್ಸಿಟ್ ಕೋಡ್) ಸಿಕ್ಕರೆ 0, ಸಿಗದಿದ್ದರೆ 1, ಎಡವಟ್ಟಾದರೆ 2. ಕಾಮನ್ ಫಂಕ್ಷನ್ ಎಲ್ಲ ಎರರ್‌ಗೂ 1 ಕೊಟ್ಟು ಹೊರಬಿದ್ದರೆ, ಫೈಲೇ ಇಲ್ಲದಿದ್ದರೂ ಸ್ಕ್ರಿಪ್ಟ್ ‘ಪದ ಸಿಗಲಿಲ್ಲ’ ಅಂದುಕೊಂಡು ಮುಂದೆ ಹೋಗುತ್ತದೆ. ಹಾಗಾಗಿ ಕೋಡ್ ಮುಟ್ಟುವ ಮೊದಲೇ ಪ್ರತಿ ಕಮಾಂಡನ್ನು ಸರಿ ಇನ್‌ಪುಟ್, ಖಾಲಿ ಇನ್‌ಪುಟ್, ಇಲ್ಲದ ಫೈಲ್, ತಪ್ಪು ಆಪ್ಷನ್ ಕೊಟ್ಟು ಓಡಿಸಿ, ಔಟ್‌ಪುಟ್, ಎರರ್ ಸಂದೇಶ, ಎಕ್ಸಿಟ್ ಕೋಡ್ ಮೂರನ್ನೂ ಬೇರೆ ಬೇರೆ ಫೈಲಿಗೆ ಹಿಡಿದಿಡಿ. ಪ್ರತಿ ಕಮಿಟ್ ಆದಮೇಲೂ ಮತ್ತೆ ಓಡಿಸಿ, ಹಿಡಿದಿಟ್ಟದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ (ಡಿಫ್) ನೋಡಿ.