ಬೀಜ ಯಾವ ಮರದ್ದು?

ಒಂದೇ ನೆಡುತೋಪಿನ ಪೈನ್ ಮರಗಳಲ್ಲೂ ಬೆಳವಣಿಗೆ, ರೋಗ ತಡೆಯುವ ಶಕ್ತಿ ಬೀಜ ಕೊಟ್ಟ ತಾಯಿಮರಕ್ಕೆ ತಕ್ಕಂತೆ ಬೇರೆ ಬೇರೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿಯೇ. ಕ್ಯಾಲಿಫೋರ್ನಿಯಾ ಮೂಲದ ರೇಡಿಯಾಟ ಪೈನ್‌ನಲ್ಲಿ ನ್ಯೂಜಿಲೆಂಡಿನವರು, ಸೂಜಿ ಎಲೆ ಕೆಂಪಾಗಿಸಿ ಉದುರಿಸುವ ಡೋತಿಸ್ಟ್ರೋಮ ಶಿಲೀಂಧ್ರ ತಡೆಯುವ ತಳಿಯನ್ನೇ ಆರಿಸಿ ಬೆಳೆಸಿದ್ದಾರೆ. ನಾವೋ? ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದ ಸಿಲ್ವರ್ ಓಕ್‌ಗಳ ಬೀಜ ಬಂದದ್ದು ರಸ್ತೆ ಬದಿ ಕೈಗೆ ಸಿಕ್ಕ ಮರದಿಂದ! ಹೋದ ಜುಲೈ ಗಾಳಿಗೆ ಒಂದು ಮರ ನಡುವಿಗೇ ಮುರಿದು, ಹಬ್ಬಿದ್ದ ಮೆಣಸಿನ ಬಳ್ಳಿಯನ್ನೂ ಎಳೆದುಕೊಂಡು ಬಿತ್ತು. ಅದೇ ಸಾಲಿನ ಪಕ್ಕದ್ದು, ಅದಕ್ಕಿಂತ ಎತ್ತರದ್ದು, ಜಪ್ಪಯ್ಯ ಅನ್ನಲಿಲ್ಲ. ತಳಿಯ ಗುಣವೋ, ಬುಡದ ಮಣ್ಣೋ? ಇವೆರಡನ್ನು ಬೇರ್ಪಡಿಸಲೆಂದೇ ತಳಿ ಸಂಶೋಧಕರು ಒಂದೊಂದು ತಾಯಿಮರದ ಸಸಿಗಳನ್ನು ನಾಲ್ಕಾರು ಕಡೆ ಹಂಚಿ ನೆಟ್ಟು ನೋಡುತ್ತಾರೆ. ಮುಂದೆ ಬೀಜಕ್ಕೆಂದು, ನಿಂತ ಮರಕ್ಕೆ ನಾನಂತೂ ಸುಣ್ಣದ ಗುರುತು ಹಾಕಿದ್ದೇನೆ.