ಅಗುಳು ಹಿಸುಕಿ ನೋಡೋ ಲೆಕ್ಕ ಸೆಲ್‌ಗೆ ನಡೆಯಲ್ಲ

"ಚೆನ್ನಾಗಿರೋ ಬ್ಯಾಟರಿಗೇ ಮೊಳೆ ಹೊಡೆದು ಸುಡ್ತೀರಂತೆ, ದುಡ್ಡು ಜಾಸ್ತಿ ಆಗಿದೆಯಾ?" ಮದುವೆ ಊಟದಲ್ಲಿ ಪಕ್ಕ ಕೂತವರು ಕೇಳಿದರು. ಬಾಯಲ್ಲಿ ಹೋಳಿಗೆ ಇತ್ತು, ಸುಮ್ನೆ ನಕ್ಕೆ. ಸೇನೆಗೆ ಹೋಗುವ ಬ್ಯಾಟರಿಗಳನ್ನು ಯಾಕೆ ಹಾಗೆ ಕೆಡಿಸಿ ಪರೀಕ್ಷಿಸಬೇಕು ಅನ್ನೋದಕ್ಕೆ ಉತ್ತರ ಇಲ್ಲಿ ಬರೀತಿದ್ದೇನೆ.

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಇಡೀ ಪಾತ್ರೆಗೆ ಒಂದೇ ನೀರು, ಒಂದೇ ಬೆಂಕಿ. ಲಿಥಿಯಂ ಅಯಾನ್ ಸೆಲ್ ಹಾಗಲ್ಲ. ಅದರೊಳಗೆ ಪ್ಲಸ್ ಮೈನಸ್ ಎರಡೂ ತಾಗದಂತೆ ತಡೆಯುವ ಹಾಳೆ, ಅಂದರೆ ಸೆಪರೇಟರ್, ಕೂದಲಿಗಿಂತ ತೆಳು. ತಯಾರಿಸುವಾಗ ಲೋಹದ ಒಂದು ಚೂರು ಸೇರಿಕೊಂಡರೆ ಯಾವತ್ತೋ ಒಂದು ದಿನ ಒಳಗೇ ಶಾರ್ಟ್ ಆಗಬಹುದು. 2006ರಲ್ಲಿ ಸೋನಿ ತನ್ನ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿದ್ದು ಇಂಥ ಚೂರಿನಿಂದಲೇ. ಅವೂ ಟೆಸ್ಟ್ ಪಾಸಾಗಿಯೇ ಅಂಗಡಿಗೆ ಬಂದಿದ್ದವು.

ಲ್ಯಾಪ್‌ಟಾಪ್ ಆದರೆ ಎಸೆದು ಓಡಬಹುದು. ಸೈನಿಕನ ಬೆನ್ನಿನ ಮೇಲಿದ್ದರೆ? ಅಮೆರಿಕದ ಸೇನೆ ರೇಡಿಯೋಗೆ ಬಳಸುವ ಬಿಬಿ-2590 ಬ್ಯಾಟರಿಯಲ್ಲಿ ಬೆರಳು ಗಾತ್ರದ 18650 ಸೆಲ್‌ಗಳು 24 ಇರುತ್ತವೆ. ಒಂದಕ್ಕೆ ಗುಂಡು ತಗುಲಿದರೆ ಮಿಕ್ಕ 23 ಸುಮ್ಮನಿರುತ್ತವಾ, ಒಂದರ ಹಿಂದೆ ಒಂದು ಹೊತ್ತಿಕೊಳ್ಳುತ್ತವಾ? ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಇದು, ಎಷ್ಟು ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತೆ) ಅನ್ನೋದಲ್ಲ. ಅದಕ್ಕೇ ಮೊಳೆ, ಅದಕ್ಕೇ ಬೆಂಕಿ.

"ಸಾರ್, ಯುಎನ್ 38.3 ಪಾಸು" ಅಂತ ಸರ್ಟಿಫಿಕೇಟ್ ತೋರಿಸುವವರನ್ನು ಕಂಡರೆ ನನಗೆ ಸಿಟ್ಟು. ಅದು ಸಾಗಾಣಿಕೆಯ ಟೆಸ್ಟ್ ಕಣ್ರೀ. 72 ಡಿಗ್ರಿಯಿಂದ ಮೈನಸ್ 40ಕ್ಕೆ ಇಳಿಸಿ ಏರಿಸುತ್ತಾರೆ, ಅಲ್ಲಾಡಿಸುತ್ತಾರೆ, ಹೊರಗಿನಿಂದ ಶಾರ್ಟ್ ಮಾಡುತ್ತಾರೆ. ಪಾಸಾದರೆ ವಿಮಾನದಲ್ಲೋ ಹಡಗಿನಲ್ಲೋ ಕಳಿಸಬಹುದು ಅಂತ ಅರ್ಥ. ಯುದ್ಧಕ್ಕೆ ಒಯ್ಯಬಹುದು ಅಂತಲ್ಲ.

ದೊಡ್ಡವರೂ ಎಡವಿದ್ದಾರೆ. 2008ರ ನವೆಂಬರ್‌ನಲ್ಲಿ ಪರ್ಲ್ ಹಾರ್ಬರ್‌ನಲ್ಲಿ ಅಮೆರಿಕ ನೌಕಾಪಡೆಯ ಕಮಾಂಡೋಗಳ ಮಿನಿ ಸಬ್‌ಮರೀನ್ ಚಾರ್ಜಿಗೆ ಹಾಕಿದ್ದಾಗಲೇ ಹೊತ್ತಿಕೊಂಡು ಗಂಟೆಗಟ್ಟಲೆ ಉರಿಯಿತು, ರಿಪೇರಿಗೆ 23 ಕೋಟಿ ಡಾಲರ್‌ಗೂ ಜಾಸ್ತಿ ಅಂದಾಜು ಬಂತು, ಮರುವರ್ಷ ಆ ಯೋಜನೆಯನ್ನೇ ಕೈಬಿಟ್ಟರು. ಬೋಯಿಂಗ್ 787 ಪ್ರಯಾಣಿಕರ ವಿಮಾನ, ಸೇನೆಯದಲ್ಲ, ಆದರೂ ಹೇಳಲೇಬೇಕು. ಅದರ ಸೆಲ್‌ನಿಂದ ಹೊಗೆ ಬರೋದು 1 ಕೋಟಿ ಹಾರಾಟದ ಗಂಟೆಗೆ ಒಂದು ಸಲವೂ ಇರಲ್ಲ ಅಂತ ಲೆಕ್ಕ ಹಾಕಿದ್ದರು. 2013ರ ಜನವರಿ ಹೊತ್ತಿಗೆ, 52 ಸಾವಿರ ಗಂಟೆ ತುಂಬುವ ಮುಂಚೆಯೇ, ಎರಡು ಸಲ ಬಂತು.

ನಮ್ಮಲ್ಲಿ ಇನ್ನೊಂದು ಕಷ್ಟ, ಚಳಿ. ಸಿಯಾಚಿನ್‌ನಲ್ಲಿ ಮೈನಸ್ 40ರ ಕೆಳಗೂ ಹೋಗುತ್ತದೆ. ಅಷ್ಟು ಚಳಿಯಲ್ಲಿ ಸೆಲ್ ಕಡಿಮೆ ಕರೆಂಟ್ ಕೊಡುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಆನೋಡ್‌ನ (ಸೆಲ್‌ನ ಮೈನಸ್ ಕಡೆಯ ಪದರ) ಒಳಗೆ ಹೋಗದೆ ಮೇಲೆಯೇ ಲೋಹವಾಗಿ ಕೂರುತ್ತದೆ. ಹೊರಗಿನಿಂದ ಏನೂ ಕಾಣಲ್ಲ. ಹಾಗೆ ಹಾಳಾದ ಸೆಲ್ ಹೊಸದಕ್ಕಿಂತ ಕಡಿಮೆ ಬಿಸಿಗೇ ಸಿಡಿಯಲು ಶುರುಮಾಡುತ್ತದೆ. ಹಾಗಿರುವಾಗ ಡಬ್ಬದಿಂದ ಈಗ ತಾನೇ ತೆಗೆದ ಹೊಸ ಸೆಲ್‌ಗೆ ಮಾತ್ರ ಮೊಳೆ ಹೊಡೆದು "ಸೇಫ್" ಅಂತ ಬರೆದರೆ ಏನು ಬಂತು? ಚಳಿಯಲ್ಲಿ ಚಾರ್ಜ್ ಮಾಡಿ, ನೂರಾರು ಸಲ ದುಡಿಸಿ, ಆಮೇಲೆ ಹೊಡೆಯಬೇಕು. ಪ್ರತಿ ಲಾಟ್‌ನಿಂದಲೂ, ಅಂದರೆ ಒಟ್ಟಿಗೆ ತಯಾರಾದ ಪ್ರತಿ ಕಂತಿನಿಂದಲೂ, ಕೆಲವನ್ನು ತೆಗೆದು ಹೊಡೆಯಬೇಕು. ಉಳಿದವನ್ನು ಎರಡು ವಾರ ಸುಮ್ನೆ ಇಟ್ಟು, ಯಾವುದರ ವೋಲ್ಟೇಜ್ ಮಿಕ್ಕವಕ್ಕಿಂತ ಬೇಗ ಇಳಿಯುತ್ತದೆ ನೋಡಿ ಆರಿಸಬೇಕು. ಬೋರಿಂಗ್ ಕೆಲಸ, ಒಪ್ಪಿದೆ. ಆದರೆ ಒಳಗಿನ ಚೂರು ಮೊದಲು ಸುಳಿವು ಕೊಡೋದು ಅಲ್ಲೇ.

ಪೀಣ್ಯದಲ್ಲಿ ಕೆಲಸ ಮಾಡುವಾಗ ಒಂದೇ ಹೆಸರಿನ ಎರಡು ಲಾಟ್ ಬಂದಿದ್ದವು. ಅದೇ ಲೇಬಲ್, ಅದೇ ಬಣ್ಣ. ತೂಕ ಮಾತ್ರ ಸೆಲ್ಲಿಗೆ ನಾಲ್ಕು ಗ್ರಾಂ ವ್ಯತ್ಯಾಸ. ತಂದುಕೊಟ್ಟವರಿಗೆ ಫೋನ್ ಮಾಡಿದೆ. "ಪಾರ್ಟ್ ನಂಬರ್ ಒಂದೇ ಅಲ್ವಾ ಸಾರ್, ಹೋದ ಸಲದ ರಿಪೋರ್ಟೇ ಹಾಕಿಬಿಡಿ" ಅಂದರು. ಡಬ್ಬ ತಿರುಗಿ ಅವರ ಗಾಡಿಗೇ ಹತ್ತಿಸಿದೆವು.