ದೂರದ ದೇಶಕ್ಕೆ ದೊಡ್ಡ ದನಿ

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ 15 ಸದಸ್ಯ ರಾಷ್ಟ್ರಗಳಿವೆ. ಅವುಗಳಲ್ಲಿ ಐದಕ್ಕೆ ವೀಟೊ ಅಧಿಕಾರವಿದೆ. ನಮ್ಮೂರಿನ ಅಡಿಕೆ ಮಂಡಿಯ ಎದುರಿನ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಸೇರುವ ಮಂಡಳಿಯಲ್ಲಿ ಮಳೆ ಹಿಡಿದ ದಿನ ಸದಸ್ಯರು ಹೆಚ್ಚು, ಕೊನೆಕೊಯ್ಲಿನ ಕಾಲದಲ್ಲಿ ಕಡಿಮೆ. ವೀಟೊ ಮಾತ್ರ ಯಾವ ಕಾಲದಲ್ಲೂ ಒಬ್ಬರಿಗೇ, ಗಲ್ಲಾದಲ್ಲಿ ಕುಳಿತ ಮಾಲೀಕರಿಗೆ. ಅವರು ಎದ್ದು ಫ್ಯಾನ್ ಆರಿಸಿದರೆಂದರೆ ಚರ್ಚೆ ಗಾಜಾದಲ್ಲಿರಲಿ, ತೈವಾನಿನಲ್ಲಿರಲಿ, ಅಲ್ಲಿಗೇ ಬಿಟ್ಟು ಏಳಬೇಕು.

ಖಾತೆಗಳು ಹಂಚಿಕೆಯಾಗಿ ಬಹಳ ಕಾಲವಾಗಿದೆ. ಹಣಕಾಸು ನಿವೃತ್ತ ಬ್ಯಾಂಕ್ ಮ್ಯಾನೇಜರರದು. ವಾಣಿಜ್ಯ ಮಂಡಿಯ ರೈಟರರದು. ಇತಿಹಾಸ ಮೇಷ್ಟ್ರದು, ಯಾವ ವಿಷಯ ಬಂದರೂ ಅವರು ಅದನ್ನು ಪಾಣಿಪತ್ತಿನವರೆಗೆ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ. ವಿದೇಶಾಂಗ ನನ್ನ ಭಾವನವರದು. ಭಾವ ಇಲ್ಲಿಯವರೆಗೆ ದಾಟಿದ ಅತಿ ದೂರದ ಗಡಿ ಗೋವಾದ್ದು, ಅದೂ ಮಂಗೇಶಿ ದೇವಸ್ಥಾನಕ್ಕೆ. ಆದರೆ ಮಗಳು ಟೆಕ್ಸಾಸಿನಲ್ಲಿದ್ದಾಳೆ. ಅಷ್ಟು ಅರ್ಹತೆ ಸಾಕೆಂದು ಮಂಡಳಿ ಒಪ್ಪಿದೆ. ನಾನು ಖಾತೆಯಿಲ್ಲದ ಸಚಿವ. ಬಿಲ್ಲು ಬಂದಾಗ ಮಾತ್ರ ಎಲ್ಲರಿಗೂ ನನ್ನ ನೆನಪಾಗುತ್ತದೆ.

ಇವರನ್ನು ಕೇಳಿ ಕೇಳಿ ನನಗೆ ಒಂದು ನಿಯಮ ಹೊಳೆದಿದೆ. ದೇಶ ದೂರವಾದಷ್ಟೂ ದನಿ ದೊಡ್ಡದಾಗುತ್ತದೆ. ಅಮೆರಿಕದ ಅಧ್ಯಕ್ಷರನ್ನು ತರಾಟೆಗೆ ತೆಗೆದುಕೊಳ್ಳುವಾಗ ಭಾವ ಎದ್ದು ನಿಲ್ಲುತ್ತಾರೆ, ಮೇಜು ಗುದ್ದುತ್ತಾರೆ, ನೀರಿನ ಲೋಟಗಳು ನಡೆದಾಡುತ್ತವೆ. ದೆಹಲಿಯ ವಿಷಯ ಬಂದರೆ ಕುಳಿತೇ ಮಾತನಾಡುತ್ತಾರೆ, ಕೈ ಮಾತ್ರ ಆಡುತ್ತದೆ. ಬೆಂಗಳೂರು ಬಂದರೆ ಕೈಯೂ ಮೇಜಿನ ಕೆಳಗೆ ಸೇರುತ್ತದೆ, ಯಾಕೆಂದರೆ ಅಕ್ಕಪಕ್ಕದವರು ಯಾವ ಪಕ್ಷದವರೆಂದು ಹೇಳಲಾಗದು. ಪುರಸಭೆಯ ವಿಷಯವಾದರೋ ಬರಿಯ ಹುಬ್ಬಿನಲ್ಲಿ ಮುಗಿಯುತ್ತದೆ. ನಮ್ಮ ವಾರ್ಡಿನ ಸದಸ್ಯರು ಗಲ್ಲಾದ ಪಕ್ಕದ ಮೇಜಿನಲ್ಲಿ ಕುಳಿತು ಬನ್ಸ್ ತಿನ್ನುತ್ತಿರುತ್ತಾರೆ. ಹೋಟೆಲಿನ ಮುಂದೆಯೇ ಒಂದು ಗುಂಡಿಯಿದೆ. ಉಕ್ರೇನಿನ ರಸ್ತೆಗಳ ಸ್ಥಿತಿಯನ್ನು ಚರ್ಚಿಸಿದ ಮಂಡಳಿ ಆ ಗುಂಡಿಯ ಬಗ್ಗೆ ಯಾವತ್ತೂ ನಿರ್ಣಯ ಮಂಡಿಸಿದ್ದಿಲ್ಲ.

ದೂರದ ವಿಷಯ ಸುರಕ್ಷಿತವೆಂದು ಇದರಿಂದ ಯಾರೂ ತಿಳಿಯಬಾರದು. 2021ರ ಮಾರ್ಚ್ 23ರಂದು ಎವರ್ ಗಿವನ್ ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡಿತಲ್ಲ, ಆಗ ನಡೆದದ್ದನ್ನು ಕೇಳಿ. ಅಷ್ಟು ದೊಡ್ಡ ಕಾಲುವೆಗೆ ಒಂದು ಹಡಗು ಅಡ್ಡವಾಗುವುದೆಂದರೇನು ಎಂದು ಮೇಷ್ಟ್ರು ಸಂಶಯಪಟ್ಟರು. ಭಾವನಿಗೆ ಅಷ್ಟೇ ಸಾಕಾಯಿತು. ಮಸಾಲೆ ದೋಸೆಯನ್ನು ನಡುವೆ ಸೀಳಿ ಎರಡು ದಡ ಮಾಡಿದರು. ಚಟ್ನಿ ಮೆಡಿಟರೇನಿಯನ್ ಆಯಿತು, ಸಾಂಬಾರ್ ಕೆಂಪು ಸಮುದ್ರ, ಚಮಚ ಹಡಗು. ದೋಸೆ ಭಾವನದಲ್ಲ, ಮೇಷ್ಟ್ರದು. ಅವರು ಬಾಯಿ ತೆರೆಯುವಷ್ಟರಲ್ಲಿ ಮರುಭೂಮಿಯ ಗಾಳಿ ಬೀಸಿತು, ಚಮಚ ಗಿರ್ರನೆ ತಿರುಗಿತು, ಭಾವನ ಮೊಣಕೈ ತಗುಲಿ ಕೆಂಪು ಸಮುದ್ರ ಅಷ್ಟೂ ಮ್ಯಾನೇಜರರ ಬಿಳಿ ಪಂಚೆಗೆ ಇಳಿಯಿತು. ಅತ್ತ ಹೂಳೆತ್ತುವ ಯಂತ್ರಗಳೂ ಟಗ್ ದೋಣಿಗಳೂ ಹುಣ್ಣಿಮೆಯ ಉಬ್ಬರವೂ ಸೇರಿ ಮಾರ್ಚ್ 29ಕ್ಕೆ ಹಡಗನ್ನು ಬಿಡಿಸಿದವು. ಪಂಚೆಯ ಕಲೆಯನ್ನು ಬಿಡಿಸಲು ಯಾವ ಉಬ್ಬರವೂ ಬರಲಿಲ್ಲ. ಪರಿಹಾರದ ಇತ್ಯರ್ಥ ಆಗುವವರೆಗೆ ಈಜಿಪ್ಟ್ ಹಡಗನ್ನು ಜುಲೈವರೆಗೂ ಹಿಡಿದಿಟ್ಟುಕೊಂಡಿತು. ಇಲ್ಲಿ ಮ್ಯಾನೇಜರರು ಭಾವನ ಕೊಡೆಯನ್ನು ಹಿಡಿದಿಟ್ಟುಕೊಂಡರು. ಈಜಿಪ್ಟಿನ ಇತ್ಯರ್ಥ ಮೊದಲಾಯಿತು.

ರೈಟರರ ಕಥೆ ಬೇರೆ. ಅವರು ಬಹುಕಾಲ ಮುಕ್ತ ವ್ಯಾಪಾರದ ಕಟ್ಟಾಳು. ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರದ ಆರ್‌ಸಿಇಪಿ ಒಪ್ಪಂದಕ್ಕೆ ಭಾರತ ಸೇರಿದರೆ ನ್ಯೂಜಿಲೆಂಡಿನ ಹಾಲಿನ ಉತ್ಪನ್ನ ಬಂದು ನಮ್ಮವರು ಕೆಡುತ್ತಾರೆಂದು ಹೈನುಗಾರರು ಹೆದರಿದಾಗ, “ಸ್ಪರ್ಧೆಯಿದ್ದರೆ ತಾನೇ ರೈತ ಗಟ್ಟಿಯಾಗುವುದು?” ಎಂದು ನಕ್ಕಿದ್ದರು. 2019ರ ನವೆಂಬರಿನಲ್ಲಿ ಭಾರತ ಆ ಒಪ್ಪಂದದಿಂದ ಹೊರಗುಳಿದಾಗ ಅವರಿಗೆ ಆ ದಿನದ ಅವಲಕ್ಕಿ ರುಚಿಸಲಿಲ್ಲ. ಆಮೇಲೆ 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ, ಅಂದರೆ ಇಷ್ಟಕ್ಕಿಂತ ಅಗ್ಗವಾಗಿ ತರಿಸಬಾರದೆಂಬ, ಕಟ್ಟಳೆಯಿಲ್ಲದೆ ತರಿಸಿಕೊಳ್ಳಲು ಕೇಂದ್ರ ಅನುಮತಿ ಕೊಟ್ಟಿತು. ಮುಕ್ತ ವ್ಯಾಪಾರ ಒಂದೇ ಸಂಜೆಯಲ್ಲಿ ಚರಕ ಹಿಡಿಯಿತು. “ಎಂಟು ಲಕ್ಷವೂ ಇಲ್ಲದ ಜನ! ಆದಾಯದ ಬದಲು ಸಂತೋಷ ಅಳೆಯುತ್ತಾರಂತೆ! ನಮ್ಮ ದರ ಇಳಿಸಿ ಸಂತೋಷಪಡುವುದಾದರೆ ಯಾರು ಬೇಕಾದರೂ ಪಡಬಹುದು!” ಎಂದು ಗುಡುಗಿದರು. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಬಾಯಿ ತುಂಬ ಕವಳ ಇಟ್ಟುಕೊಂಡವರು ‘ಭೂತಾನ್’ ಎಂಬ ಹೆಸರನ್ನು ಸಿಟ್ಟಿನಿಂದ ಹೇಳುವಾಗ ಎದುರಿಗೆ ಕುಳಿತಿರಬಾರದು. ನಾನು ಕುಳಿತಿದ್ದೆ. ಅಂಗಿ ಹೊಸದು. ಮುಂದಿನ ವರ್ಷ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿದಾಗ ಅವರ ಸಿಟ್ಟು ತಣಿಯಿತು, ಅಂಗಿ ಮಾತ್ರ ತೋಟದ ಕೆಲಸಕ್ಕೆ ವರ್ಗವಾಗಿತ್ತು.

ಮ್ಯಾನೇಜರರ ಅರ್ಥಶಾಸ್ತ್ರ ಎರಡು ಕಂಬಗಳ ಮೇಲೆ ನಿಂತಿದೆ. ಒಂದು, 1966ರ ಜೂನ್ 6: ಅಂದು ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿಯಿತು. ಇನ್ನೊಂದು 1991: ವಿದೇಶಿ ವಿನಿಮಯ ಖಾಲಿಯಾಗುತ್ತ ಬಂದು ದೇಶ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನಿನಲ್ಲಿ ಅಡವಿಟ್ಟಿತು. ಟೊಮೆಟೊ ದುಬಾರಿಯಾದರೂ ಅವರು ಈ ಎರಡರಲ್ಲೊಂದಕ್ಕೆ ಕಟ್ಟುತ್ತಾರೆ. ಹೋಟೆಲಿನಲ್ಲಿ ಇದಕ್ಕೆ ಎದುರು ಹೇಳುವವರಿಲ್ಲ. ಮನೆಯಲ್ಲಿದ್ದಾರೆ. ಮಗನ ಕಾಲೇಜಿನ ಶುಲ್ಕಕ್ಕೆಂದು ಅಡವಿಟ್ಟಿದ್ದ ಹೆಂಡತಿಯ ಬಳೆಗಳ ವಿಷಯ ಒಂದು ಮದುವೆಯ ಮುನ್ನಾದಿನ ಎದ್ದಿತು. ಮ್ಯಾನೇಜರರು ತಾಳ್ಮೆಯಿಂದ, “ನೋಡು, ಕಷ್ಟ ಬಂದಾಗ ದೇಶವೇ ಚಿನ್ನ ಅಡವಿಟ್ಟಿತ್ತು” ಎಂದರಂತೆ. ಆಕೆ, “ದೇಶ ಅದನ್ನು ವರ್ಷದೊಳಗೆ ಬಿಡಿಸಿಕೊಂಡಿತಲ್ಲ, ನಿಮ್ಮದು ಯಾವಾಗ?” ಎಂದರಂತೆ. ಇದು ನಮ್ಮ ಮಂಡಳಿಯ ಕಡತದಲ್ಲಿ ಇಲ್ಲ. ಹೆಂಗಸರ ಭಜನಾ ಮಂಡಳಿಯ ಮೂಲಕ ನನ್ನ ಹೆಂಡತಿಗೆ ತಲುಪಿ, ಅಲ್ಲಿಂದ ನನಗೆ ಬಂದದ್ದು. ಅವರ ಮಂಡಳಿಯಲ್ಲಿ ಮಾತು ಕಡಿಮೆ, ಮಾಹಿತಿ ಹೆಚ್ಚು.

ಎಲ್ಲಕ್ಕಿಂತ ಅಪಾಯದ ಜಾಗ ಕ್ಷೌರದಂಗಡಿ. ನೆಹರೂ, ಟಿಟೊ, ನಾಸರ್ ಮುಂತಾದವರು 1961ರಲ್ಲಿ ಬೆಲ್‌ಗ್ರೇಡಿನಲ್ಲಿ ಸೇರಿ ಅಲಿಪ್ತ ಚಳವಳಿ ಕಟ್ಟಿದರು. ಅದರ ಮರ್ಮ ನನಗೆ ಅರಿವಾದದ್ದು ಆ ಕುರ್ಚಿಯಲ್ಲಿ, ಗಂಟಲ ಮೇಲೆ ಕತ್ತಿ ಇದ್ದಾಗ. ಅಂಗಡಿಯ ಯಜಮಾನರು ರಷ್ಯಾದ ಕಡೆ. ಪಕ್ಕದ ಕುರ್ಚಿಯ ಗಿರಾಕಿ ಉಕ್ರೇನಿನ ಕಡೆ. ಯಜಮಾನರು ನನ್ನ ಬಲಗೆನ್ನೆ ಮುಗಿಸುವಷ್ಟರಲ್ಲಿ ಪಾಶ್ಚಾತ್ಯರ ಸೇನಾ ಒಕ್ಕೂಟ ನೇಟೊ ಪೂರ್ವಕ್ಕೆ ವಿಸ್ತರಿಸಿದ್ದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಕತ್ತಿ ನನ್ನ ಮುಖ ಬಿಟ್ಟು ಗಾಳಿಯಲ್ಲಿ ನಕ್ಷೆ ಬರೆಯತೊಡಗಿತು. “ಸಾರ್, ನೀವೇ ಹೇಳಿ, ಪಕ್ಕದ ಮನೆಯವನು ನಿಮ್ಮ ಬೇಲಿಗೆ ಬಂದು ಕೂತರೆ ಸುಮ್ಮನಿರುತ್ತೀರಾ?” ಎಂದು ಕೇಳಿದರು. “ಎರಡೂ ಕಡೆ ಸ್ವಲ್ಪ ಸ್ವಲ್ಪ ಇದೆ” ಎಂದೆ. ಈ ಉತ್ತರ ಇಬ್ಬರಿಗೂ ಹಿಡಿಸಲಿಲ್ಲ. ಬಲಗೆನ್ನೆ ನುಣುಪು, ಎಡಗೆನ್ನೆಯಲ್ಲಿ ಒಣಗುತ್ತಿರುವ ನೊರೆ, ಮೂಗಿನ ಮೇಲೆ ಕದನವಿರಾಮ ರೇಖೆ. ಹೀಗೆ ನಾನಿದ್ದಾಗ ಗಿರಾಕಿ ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಹೊರಟರು, ಅವರನ್ನು ಕರೆತರಲು ಯಜಮಾನರೂ ಹೊರಟರು. ಅವರಿಬ್ಬರೂ ಬೀದಿಯ ಕೊನೆಯಲ್ಲಿ ಸಂಧಾನ ಮಾಡಿಕೊಂಡು, ಅಲ್ಲೇ ಚಹಾ ಕುಡಿದು ಬಂದರು. ನನಗೊಂದು ಲೋಟವನ್ನೂ ತರಲಿಲ್ಲ. ಅಲಿಪ್ತರಿಗೆ ನೆರವು ಕಡಿಮೆ.

2025ರ ಆಗಸ್ಟಿನಲ್ಲಿ ಭಾರತದ ಸರಕುಗಳ ಮೇಲೆ ಅಮೆರಿಕ ಶೇ 50ರಷ್ಟು ಸುಂಕ ಹಾಕಿದಾಗ ಭಾವ ಇತಿಹಾಸದಲ್ಲೇ ಅತಿ ದೊಡ್ಡ ದನಿ ತೆಗೆದರು. ಮಾಣಿ ಕಿವಿ ಮುಚ್ಚಿಕೊಂಡೇ ಕಾಫಿ ತಂದ. ಅಮೆರಿಕದ ಯಾವ ವಸ್ತುವನ್ನೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲವೆಂದು ಭಾವ ಘೋಷಿಸಿದರು. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದರೆ, ಅಕ್ಕ ನೆನೆಸಿದ ಬಾದಾಮಿಯ ತಟ್ಟೆ ತಂದಿಟ್ಟಳು. ಮಂಡಿನೋವಿಗೆ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ಭಾವ ಅದನ್ನು ತಪ್ಪದೆ ತಿನ್ನುತ್ತಾರೆ. ಬಹಿಷ್ಕಾರದ ಎರಡನೆಯ ಹಂತವನ್ನು ವಿವರಿಸುತ್ತ ಒಂದೊಂದನ್ನೇ ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕ್ಯಾಲಿಫೋರ್ನಿಯಾದ ಬಾದಾಮಿಗೆ ಹೊರದೇಶಗಳ ಪೈಕಿ ಅತಿ ದೊಡ್ಡ ಗಿರಾಕಿ ಭಾರತವೇ. ಇದು ನನಗೆ ಗೊತ್ತಿತ್ತು, ಆದರೆ ಅಕ್ಕನ ಮನೆಯಲ್ಲಿ ಕುಳಿತು ಹೇಳುವಷ್ಟು ಧೈರ್ಯವಿರಲಿಲ್ಲ. ಅಕ್ಕ ಹೇಳಿದಳು. ಪೊಟ್ಟಣವನ್ನೇ ತಂದು ಕನ್ನಡಕದ ಮುಂದೆ ಹಿಡಿದಳು. ಭಾವ ಅಕ್ಷರಗಳನ್ನು ಓದಿ, ಕ್ಷಣ ಯೋಚಿಸಿ, “ದುಡ್ಡು ಕೊಟ್ಟಾಗಿದೆ. ಈಗ ಎಸೆದರೆ ನಷ್ಟ ನಮಗೇ ಹೊರತು ಅವರಿಗಲ್ಲ” ಎಂದು ಇನ್ನೊಂದನ್ನು ಬಾಯಿಗೆ ಹಾಕಿಕೊಂಡರು. ವಿದೇಶಾಂಗ ಖಾತೆಗೆ ಇವರೇ ಸರಿಯೆಂದು ನನಗೆ ಅನ್ನಿಸಿದ್ದು ಆಗ.

ಅದೇ ದಿನ ಭಾವನ ಸ್ಕೂಟರಿನಲ್ಲಿ ಹಿಂದೆ ಕುಳಿತು ಹೋಟೆಲಿಗೆ ಹೊರಟೆ. ಸುಂಕದ ವಿಷಯ ದಾರಿಯಲ್ಲೂ ಮುಂದುವರಿಯಿತು. ಟೆಕ್ಸಾಸ್ ಯಾವ ದಿಕ್ಕಿಗಿದೆಯೆಂದು ತೋರಿಸಲು ಅವರು ಬಲಗೈ ಎತ್ತಿದರು. ಹೋಟೆಲಿನ ಮುಂದಿನ ಗುಂಡಿಗೆ ಅಷ್ಟು ಸಾಕಾಯಿತು. ಸ್ಕೂಟರ್ ಒಂದು ಕಡೆ, ಭಾವ ಒಂದು ಕಡೆ, ಮಳೆನೀರಿನಲ್ಲಿ ನಾನು. ಬನ್ಸ್ ಬಿಟ್ಟು ಮೊದಲು ಓಡಿ ಬಂದವರು ವಾರ್ಡಿನ ಸದಸ್ಯರೇ. ಭಾವನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಕೆಸರು ಒರೆಸಿ, ಒಳಗೆ ಕೂರಿಸಿ ಸ್ಟ್ರಾಂಗ್ ಕಾಫಿ ಹೇಳಿದರು. ಇಡೀ ಹೋಟೆಲು ಭಾವನ ಬಾಯಿಯನ್ನೇ ನೋಡುತ್ತಿತ್ತು. ಗುಂಡಿ, ಸಂತ್ರಸ್ತ, ಹೊಣೆಗಾರ, ಮೂವರೂ ಹತ್ತು ಅಡಿಯೊಳಗೆ ಸಿಕ್ಕಿದ್ದು ಮಂಡಳಿಯ ಇತಿಹಾಸದಲ್ಲಿ ಮೊದಲ ಸಲ. ಮೇಷ್ಟ್ರು ಪಾಣಿಪತ್ತಿಗೆ ಹೊರಡುವುದನ್ನು ತಡೆದುಕೊಂಡರು.

ಭಾವ ಕಾಫಿಯ ಒಂದು ಗುಟುಕು ಕುಡಿದು, “ಈ ಸಲ ಮಳೆ ಸ್ವಲ್ಪ ಜಾಸ್ತಿಯೇ ಆಯಿತು” ಎಂದರು, ನಮಗೂ ಸರಿಯಾಗಿ ಕೇಳಿಸದ ದನಿಯಲ್ಲಿ.

“ಹೌದು ಯಜಮಾನರೇ, ಹೌದು” ಎಂದ ಸದಸ್ಯರು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು: “ಅದಿರಲಿ, ಈ ಟ್ರಂಪ್ ನಮಗೆ ಹೀಗೆ ಮಾಡಬಹುದೇ?”

ಭಾವ ಎದ್ದು ನಿಂತರು. ನಾನು ಲೋಟಗಳನ್ನು ಹಿಡಿದುಕೊಂಡೆ.